ಎಕೋ ರಿಪೋರ್ಟ್ ಮುಚ್ಚಿಡಬೇಡ

ಮಗಳೇ,

ನಿನ್ನ ಎಕೋ ರಿಪೋರ್ಟ್ ನೋಡಿದೆ. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಹೃದಯದ ಮೈಟ್ರಲ್ ಕವಾಟ ನಿನಗೆ ಬರೀ 1ಕ್ಕೆ ಇಳಿದಿದೆ. ಚಿಕ್ಕಂದಿನ ಗಂಟಲುನೋವು, ಅದರ ಬೆನ್ನಿಗೇ ಬಂದ ಕೀಲುನೋವಿನ ಜ್ವರ ಮಾಡಿಹೋದ ಕೆಲಸ ಇದು. ಕವಾಟದ ಪದರಗಳು ಅಂಚಿನಲ್ಲಿ ಬೆಸೆದುಕೊಂಡಿವೆ; ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಅದಕ್ಕೇ.

"ಮದುವೆ ಮುಗಿಯಲಿ, ಆಮೇಲೆ ನೋಡೋಣ" ಅನ್ನುತ್ತಿದ್ದಾರಂತೆ ನಿಮ್ಮಮ್ಮ. ಹೃದ್ರೋಗದ ವಾರ್ಡಿನಲ್ಲಿ ನರ್ಸಾಗಿ ತಲೆ ನರೆತವಳು ನಾನು. ಈ ಮಾತು ಒಪ್ಪಲಾರೆ. ಬಸಿರಿನಲ್ಲಿ ಮೈಯ ರಕ್ತ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಕಿರಿದಾದ ಕವಾಟ ಅದನ್ನು ತಾಳದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಚಿಕಿತ್ಸೆ ಮೊದಲು, ಮುಹೂರ್ತ ಆಮೇಲೆ. ಹುಡುಗನಿಗೂ ರಿಪೋರ್ಟ್ ತೋರಿಸು. ಹಿಂದೆ ಸರಿಯುವವನಾದರೆ ಈಗಲೇ ಸರಿಯಲಿ.

ನಿನ್ನ ಕವಾಟಕ್ಕೆ ಕ್ಯಾಲ್ಸಿಯಂ ಕಟ್ಟಿಲ್ಲ, ಸೋರಿಕೆ ಅತ್ಯಲ್ಪ, ಹೃದಯದ ಎಡ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲ. ಇಂಥವರಿಗೇ ಬಲೂನ್ ಚಿಕಿತ್ಸೆ ಹೇಳಿಮಾಡಿಸಿದ್ದು. ಜಪಾನಿನ ಕಾಂಜಿ ಇನೋಯೆ 1980ರ ದಶಕದಲ್ಲಿ ಬಳಕೆಗೆ ತಂದ ವಿಧಾನ. ತೊಡೆಸಂದಿನ ರಕ್ತನಾಳದಿಂದ ಬಲೂನ್ ತೂರಿಸಿ, ಕವಾಟದ ನಡುವೆ ಕ್ಷಣಹೊತ್ತು ಉಬ್ಬಿಸುತ್ತಾರೆ, ಬೆಸುಗೆ ಬಿಡುತ್ತದೆ. ಎದೆ ಕೊಯ್ಯುವುದಿಲ್ಲ. ಬೆಂಗಳೂರಿನ ಜಯದೇವ ಆಸ್ಪತ್ರೆಯವರಿಗೆ ಇದು ಕೈಪಳಗಿದ ಕೆಲಸ. ವರ್ಷಗಳ ಮೇಲೆ ಕವಾಟ ಮತ್ತೆ ಕಿರಿದಾಗಬಹುದು, ಅದನ್ನೂ ತಿಳಿದಿರು.

"ಹಾಗಿದ್ದರೆ ಒಂದೇ ಸಲ ಕವಾಟ ಬದಲಾಯಿಸಿಬಿಡಲಿ" ಎಂದೆಯಲ್ಲ, ಅವಸರ ಬೇಡ. ಲೋಹದ ಕವಾಟ ದಶಕಗಟ್ಟಲೆ ಬಾಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್‌ನಂಥ ಮಾತ್ರೆ, ಅದರ ಪರಿಣಾಮ ಅಳೆಯಲು ಆಗಾಗ ಐಎನ್‌ಆರ್ ಪರೀಕ್ಷೆ ತಪ್ಪದು. ಬಸಿರಿನ ಮೊದಲ ತಿಂಗಳುಗಳಲ್ಲಿ ಆ ಮಾತ್ರೆ ಕೂಸಿಗೆ ಕೇಡು ಮಾಡಬಲ್ಲದು. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಮಾತ್ರೆಯ ಕಾಟ ಕಡಿಮೆ. ಆದರೆ ಎಳೆಯರಲ್ಲಿ ಬೇಗ ಸವೆಯುತ್ತದೆ, ಮತ್ತೆ ಎದೆ ತೆರೆಯಬೇಕಾಗುತ್ತದೆ. ನಮ್ಮದೇ ಕವಾಟ ನಡೆಯುವಷ್ಟು ದಿನ ಅದನ್ನೇ ಉಳಿಸಿಕೊಳ್ಳುವುದು ಲೇಸು.

ಬಲೂನ್ ಆದಮೇಲೂ 3 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬಿಡಬೇಡ. ಹಾಕಿಸಿಕೊಂಡ ಕಡೆ ಎರಡು ದಿನ ನೋಯುತ್ತದೆ, ಕೂರಲೂ ಕಷ್ಟ, ನಿಜ. ಇಂಜೆಕ್ಷನ್ ಕವಾಟವನ್ನು ಅಗಲಿಸದು; ಆ ಕೀಲುನೋವಿನ ಜ್ವರ ಮರುಕಳಿಸಿ ಇರುವುದನ್ನೂ ಕೆಡಿಸದಂತೆ ಕಾಯುತ್ತದೆ. "ಈಗ ಚೆನ್ನಾಗಿದ್ದೇನಲ್ಲ" ಎಂದು ಬಿಟ್ಟವರು ಮತ್ತೆ ವಾರ್ಡಿಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಸಿರಿನಲ್ಲೂ ಅದನ್ನು ನಿಲ್ಲಿಸಬೇಕಿಲ್ಲ. ಎಷ್ಟು ವರ್ಷ ಎಂಬುದನ್ನು ಡಾಕ್ಟರು ಹೇಳಲಿ. ಮದುವೆಯಾಗಿ ಊರು ಬದಲಾದರೆ, ಅಲ್ಲಿ ಇಂಜೆಕ್ಷನ್ ಹಾಕುವ ಆಸ್ಪತ್ರೆ ಯಾವುದೆಂದು ಮೊದಲು ವಿಚಾರಿಸಿಕೋ.