ಐದು ಉದಾಹರಣೆಗಳು ಸಾಕೆ? – 4294967297ರ ಒಂದು ಪಾಠ

ಅನುಗಮನ ವಿಧಾನದಲ್ಲಿ ನಾವು ನಾಲ್ಕೈದು ಉದಾಹರಣೆ ಕೊಟ್ಟು ಮಕ್ಕಳಿಂದಲೇ ನಿಯಮ ಹೇಳಿಸುತ್ತೇವೆ. ಹಾಗೆ ಹೇಳಿಸಿದ ನಿಯಮ ಇನ್ನೂ ಊಹೆಯೇ, ಅದಕ್ಕೆ ಸಾಧನೆ ಬೇಕು ಎಂಬ ಅರಿವು ಪಾಠಯೋಜನೆಯಲ್ಲಿ ಸುಲಭವಾಗಿ ಬಿಟ್ಟುಹೋಗುತ್ತದೆ. ಈ ಅರಿವು ಮೂಡಿಸಲು ಒಂಬತ್ತನೆಯ ತರಗತಿಗೆ ನಾನು ಆರಿಸಿಕೊಂಡದ್ದು 429,49,67,297 ಎಂಬ ಸಂಖ್ಯೆಯನ್ನು. ಬೇಕಾದ ಪೂರ್ವಜ್ಞಾನ: ಘಾತಾಂಕ ನಿಯಮಗಳು ಮತ್ತು ಎರಡು ವರ್ಗಗಳ ವ್ಯತ್ಯಾಸದ ಅಪವರ್ತನ.

ಹಂತ 1: ಊಹೆ

ಮಕ್ಕಳು 2ರಿಂದ ಆರಂಭಿಸಿ ವರ್ಗ ಮಾಡುತ್ತಾ ಹೋಗಿ 2, 4, 16, 256, 65536 ಎಂದು ಬರೆದರು. ಪ್ರತಿಯೊಂದಕ್ಕೂ 1 ಕೂಡಿಸಿದಾಗ 3, 5, 17, 257, 65537 ಬಂದವು. 257ರವರೆಗೆ ಅವರೇ ಪರೀಕ್ಷಿಸಿ ಎಲ್ಲವೂ ಅವಿಭಾಜ್ಯ ಎಂದರು. 65537 ಕೂಡ ಅವಿಭಾಜ್ಯವೆಂದು ನಾನು ತಿಳಿಸಿದೆ. "ಮುಂದಿನದು?" ಎಂದು ಕೇಳಿದೆ. "ಅದೂ ಅವಿಭಾಜ್ಯವೇ ಸರ್" ಎಂದು ಇಡೀ ತರಗತಿ ಒಪ್ಪಿತು. 17ನೆಯ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದೂ ಇದನ್ನೇ.

ಹಂತ 2: ಪರೀಕ್ಷೆ

ಮುಂದಿನ ಸಂಖ್ಯೆ 2³² + 1, ಅಂದರೆ 4294967297. ಇದಕ್ಕೆ ಅವಿಭಾಜ್ಯ ಅಪವರ್ತನವಿದ್ದರೆ ಅದು 64ರ ಯಾವುದೋ ಅಪವರ್ತ್ಯಕ್ಕಿಂತ 1 ಹೆಚ್ಚಿರಬೇಕೆಂದು ಆಯ್ಲರ್ ತೋರಿಸಿದ. ಹಾಗಾಗಿ ಮೊದಲು ಪರೀಕ್ಷಿಸಬೇಕಾದವು 193, 257, 449, 577, 641. ಐದು ಗುಂಪುಗಳಿಗೆ ಒಂದೊಂದು ಭಾಗಾಕಾರ ಕೊಟ್ಟೆ. ಶೇಷಗಳು ಕ್ರಮವಾಗಿ 109, 2, 325, 288, 0. ಐದನೆಯ ಗುಂಪಿಗೆ 6700417 ಭಾಗಲಬ್ಧ ಬಂತು. ಆಯ್ಲರ್ 1732ರಲ್ಲಿ ಕಂಡದ್ದೂ ಇದೇ 641. ಒಂದೇ ಪ್ರತ್ಯುದಾಹರಣೆಯಿಂದ ನಿಯಮ ಬಿತ್ತು.

ಹಂತ 3: ಕಾರಣ

ಭಾಗಾಕಾರವಿಲ್ಲದೆಯೂ ಇದನ್ನು ಸಾಧಿಸಬಹುದು. 641 = 5⁴ + 2⁴; 641 = 5 × 2⁷ + 1 ಕೂಡ ಹೌದು.

2³² + 1 = 2⁴ × 2²⁸ + 1
= (641 − 5⁴) × 2²⁸ + 1
= 641 × 2²⁸ − (640⁴ − 1)

ಇಲ್ಲಿ 5⁴ × 2²⁸ = (5 × 2⁷)⁴ = 640⁴. ಇನ್ನು 640⁴ − 1 = (640² + 1)(640 + 1)(640 − 1). ಎರಡೂ ಪದಗಳಲ್ಲಿ 641 ಇರುವುದರಿಂದ ವ್ಯತ್ಯಾಸವೂ 641ರಿಂದ ಭಾಗವಾಗುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಪಾಠವನ್ನು ಎರಡು ಅವಧಿಗಳಿಗೆ ಹಂಚಿ. ಮೂರನೆಯ ಹಂತಕ್ಕೆ ಪೂರ್ತಿ ಅವಧಿ ಇರಲಿ. ಭಾಗಾಕಾರ ಮುಗಿಯುವ ಮೊದಲು ಉತ್ತರದ ಸುಳಿವು ಕೊಡಬೇಡಿ. ಮನೆಗೆಲಸಕ್ಕೆ: ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸುವುದು. 0ರಿಂದ 39ರವರೆಗೆ ಬರುವುದೆಲ್ಲ ಅವಿಭಾಜ್ಯ. 40ಕ್ಕೆ ಬರುವುದು 1681, ಅಂದರೆ 41 × 41.

ಪಾಠದ ಕೊನೆಗೆ ಒಬ್ಬಳು, "ಹಾಗಾದರೆ ಇನ್ನು ಮುಂದಿನವೆಲ್ಲ ಸಂಯುಕ್ತ ಸಂಖ್ಯೆಗಳೇ?" ಎಂದು ಕೇಳಿದಳು. 65537ರ ನಂತರ ಈ ಸರಣಿಯಲ್ಲಿ ಮತ್ತೊಂದು ಅವಿಭಾಜ್ಯ ಸಂಖ್ಯೆ ಇಂದಿಗೂ ಸಿಕ್ಕಿಲ್ಲ. ಇಲ್ಲವೆಂದು ಸಾಧಿಸಿದವರೂ ಇಲ್ಲ. ಇಷ್ಟನ್ನು ಹೇಳಿ, "ಈಗ ನೀನೇ ಹೇಳು, ಇದು ನಿಯಮವೋ ಊಹೆಯೋ?" ಎಂದೆ. "ಊಹೆ" ಎಂದಳು. ಪಾಠದ ಉದ್ದೇಶ ಈಡೇರಿತೆಂದು ನಾನು ಮೌಲ್ಯಮಾಪನದಲ್ಲಿ ಬರೆದುಕೊಂಡದ್ದು ಈ ಒಂದು ಉತ್ತರದ ಆಧಾರದ ಮೇಲೆ.