ಬಿಸಿಯೋ, ಬೆಳಕೋ, ಬೀಮೋ?

ವಸ್ತುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೇ ಕಾಯಿಸಿ, ಬೆಳಕು ಹಾಯಿಸಿ, ಅದು ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಆದರೆ ಸಂಶೋಧನಾ ವಿದ್ಯಾರ್ಥಿಗಳು ತೋರಿಸುವ ವಿಡಿಯೊಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ: ಸೂಕ್ಷ್ಮದರ್ಶಕದ ಎಲೆಕ್ಟ್ರಾನ್ ಬೀಮ್ ಮಾಡಿದ ಹಾನಿಯನ್ನು ಬಿಸಿಯ ಲೆಕ್ಕಕ್ಕೆ ಬರೆಯುವುದು. ಅದನ್ನು ತಪ್ಪಿಸುವ ಕ್ರಮ ಹೀಗಿದೆ.

1. ಗ್ರಿಡ್: ಹೆಚ್ಚು ಕಾಯಿಸುವುದಿದ್ದರೆ ಸ್ಯಾಂಪಲ್ ಹೊರಲು ಮಾಮೂಲಿ ತಾಮ್ರದ ಗ್ರಿಡ್ ಬೇಡ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಜ. ಅದಕ್ಕೆ ಎಷ್ಟೋ ಮೊದಲೇ ಅದರ ಪರಮಾಣುಗಳು ಹರಿದು ಬಂದು ಸ್ಯಾಂಪಲ್ ಮೇಲೆ ಕಣಗಳಾಗಿ ಕೂರುತ್ತವೆ. ಮಾಲಿಬ್ಡಿನಂ ಗ್ರಿಡ್ ಅಥವಾ ಸಿಲಿಕಾನ್ ನೈಟ್ರೈಡ್ ಪೊರೆಯ ಹೀಟಿಂಗ್ ಚಿಪ್ ಬಳಸಿ.

2. ತಾಪ: ಪರದೆ ತೋರಿಸುವ ಅಂಕಿ ಹೀಟರ್‌ನದು, ನಿಮ್ಮ ಕಣದ್ದಲ್ಲ. ಕರಗುವ ಬಿಂದು ಗೊತ್ತಿರುವ ಲೋಹ ಇಟ್ಟು ತಾಳೆ ನೋಡಿ. ಅದಕ್ಕೆ ನ್ಯಾನೊ ಕಣ ಆರಿಸಬೇಡಿ. 1064 ಡಿಗ್ರಿಗೆ ಕರಗುವ ಚಿನ್ನ, ಎರಡು ಮೂರು ನ್ಯಾನೊಮೀಟರ್ ಕಣವಾದಾಗ ನೂರಾರು ಡಿಗ್ರಿ ಮೊದಲೇ ಕರಗುತ್ತದೆ.

3. ಬೀಮ್: ಎಡವುವುದು ಇಲ್ಲೇ. 200 ಕಿಲೊವೋಲ್ಟ್ ಬೀಮಿನ ಎಲೆಕ್ಟ್ರಾನ್ ಇಂಗಾಲದ ಪರಮಾಣುವನ್ನು ಜಾಗದಿಂದ ಕಿತ್ತು ಎಸೆಯಬಲ್ಲದು, ರಾಸಾಯನಿಕ ಬಂಧಗಳನ್ನೂ ಮುರಿಯಬಲ್ಲದು. ವೋಲ್ಟೇಜ್ ಇಳಿಸಿದರೆ ಸಾಕು ಎನ್ನುವವರಿದ್ದಾರೆ. ಸಾಲದು. ಪರಮಾಣು ಕಿತ್ತುಬರುವುದು ತಗ್ಗುತ್ತದೆ, ಬಂಧ ಮುರಿಯುವುದು ಹೆಚ್ಚುತ್ತದೆ. ಹಾಗಾಗಿ ಕಾಯಿಸುವಾಗ ಬೀಮ್ ಮುಚ್ಚಿಡಿ, ಚಿತ್ರ ತೆಗೆಯುವಷ್ಟು ಹೊತ್ತು ಮಾತ್ರ ತೆರೆಯಿರಿ. ಪ್ರತಿ ಚಿತ್ರದ ಡೋಸ್, ಅಂದರೆ ಸ್ಯಾಂಪಲ್ ಮೇಲೆ ಬಿದ್ದ ಎಲೆಕ್ಟ್ರಾನ್‌ಗಳ ಪ್ರಮಾಣ, ಬರೆದಿಡಿ. ಕೊನೆಗೆ, ಬೀಮ್ ಒಮ್ಮೆಯೂ ತಾಗದ ಹೊಸ ಜಾಗಕ್ಕೆ ಹೋಗಿ ನೋಡಿ. ಅಲ್ಲಿಯೂ ಅದೇ ಬದಲಾವಣೆ ಇದ್ದರೆ ಅದು ಬಿಸಿಯದು. ನೀವು ನೋಡುತ್ತಿದ್ದ ವೃತ್ತದೊಳಗಷ್ಟೇ ಇದ್ದರೆ ಬೀಮಿನ ಕೈವಾಡವಿದೆ. ಕಾಯಿಸದೆ, ಅಷ್ಟೇ ಡೋಸ್ ಕೊಟ್ಟು ಇನ್ನೊಂದು ಜಾಗವನ್ನೂ ಪರೀಕ್ಷಿಸಿ. ಈ ಹೋಲಿಕೆ ಇಲ್ಲದ ವಿಡಿಯೊ ಎಷ್ಟೇ ಚೆಂದವಿದ್ದರೂ ಪುರಾವೆಯಲ್ಲ. ಮಾರ್ಗದರ್ಶಕರು ಅದನ್ನು ಒಪ್ಪಲೇಬಾರದು.

4. ಬೆಳಕು: ಹೋಲ್ಡರ್‌ನೊಳಗಿನ ಫೈಬರ್ ಮೂಲಕ ಬೆಳಕು ತರಬಹುದು. ತರಂಗಾಂತರ ವಸ್ತುವಿಗೆ ಹೊಂದಬೇಕು: ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡ್‌ಗೆ ಸುಮಾರು 387 ನ್ಯಾನೊಮೀಟರ್‌ಗಿಂತ ಕಿರಿದಾದ ನೇರಳಾತೀತ ಬೆಳಕು ಬೇಕು. ಅದರಲ್ಲಿ ಬೆಳಕು ಹುಟ್ಟಿಸುವ ಎಲೆಕ್ಟ್ರಾನ್–ರಂಧ್ರ ಜೋಡಿಗಳನ್ನು ಬೀಮ್ ಕೂಡ ಹುಟ್ಟಿಸುತ್ತದೆ. ಆದ್ದರಿಂದ ಇಲ್ಲಿಯೂ ಬೀಮ್ ಮುಚ್ಚಿಯೇ ಬೆಳಕು ಬಿಡಿ.

5. ದಾಖಲೆ: ತಾಪ, ಸಮಯ, ಡೋಸ್, ಬೆಳಕಿನ ತೀವ್ರತೆ ನಾಲ್ಕನ್ನೂ ಚಿತ್ರದ ಜೊತೆಗೇ ಉಳಿಸಿ. ಪ್ರಬಂಧ ಬರೆಯುವಾಗ ನೆನಪಿನಿಂದ ತುಂಬಬೇಡಿ.