ಬಿರುಗಾಳಿಯಿಂದ ಉಳಿದವರು ಕಲಿಯತಕ್ಕ ಪಾಠ

ಪಾಠಭಾಗ: ಅಪೊಸ್ತಲರ ಕೃತ್ಯಗಳು 27:13 – 28:6, ಲೂಕ 13:1–5, ಯೋಬ 1:18–22



ನಮ್ಮ ಗ್ರಾಮಸಭೆಗಳ ಎಷ್ಟೋ ಮನೆಗಳಿಂದ ಮಕ್ಕಳು ವಿದ್ಯೆಗೋಸ್ಕರ ಬೆಂಗಳೂರಿಗೆ ಹೋಗಿದ್ದಾರೆ. ಆ ಪಟ್ಟಣದ ಪಶ್ಚಿಮ ಭಾಗದಲ್ಲಿರುವ ನಾಗರಬಾವಿಯನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವೂ ರಾಷ್ಟ್ರೀಯ ಕಾನೂನು ಶಾಲೆಯೂ ಅಲ್ಲಿರುವದರಿಂದ ಸುತ್ತಲಿನ ಬೀದಿಗಳಲ್ಲಿ ಹಾಸ್ಟೆಲುಗಳೂ ಬಾಡಿಗೆಯ ಕೋಣೆಗಳೂ ತುಂಬಿಕೊಂಡಿವೆ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಪಟ್ಟಣದಲ್ಲಿ ಮರಗಳು ಬಿದ್ದವೆಂಬ ಸಮಾಚಾರವು ಬಂದ ಕೂಡಲೆ ಹಳ್ಳಿಯಲ್ಲಿರುವ ತಾಯಿಯು ಮೊದಲು ಫೋನು ಮಾಡುತ್ತಾಳೆ, ಆಮೇಲೆ ಮೊಣಕಾಲೂರುತ್ತಾಳೆ. ಕೆಲವರು ಮೊದಲು ಮೊಣಕಾಲೂರಿ ಆಮೇಲೆ ಫೋನು ಮಾಡುತ್ತಾರೆ. ಕರ್ತನು ಮಗುವನ್ನು ಕಾಪಾಡಲಿ ಎಂಬದೇ ಎಲ್ಲರ ಪ್ರಾರ್ಥನೆ. ಇದು ಒಳ್ಳೇ ಪ್ರಾರ್ಥನೆಯೇ. ಆದರೆ ನಮ್ಮ ಮಗುವು ಉಳಿದರೆ ನಾವು ಏನು ಹೇಳತಕ್ಕದ್ದು? ನೆರೆಮನೆಯ ಮಗುವು ಉಳಿಯದೆ ಹೋದರೆ ಏನು ಹೇಳತಕ್ಕದ್ದು? ಈ ಪ್ರಶ್ನೆಯನ್ನು ಒಂದು ನಿಜವಾದ ಸಂಗತಿಯ ಮೂಲಕ ವಿಚಾರಿಸೋಣ. ಸಂಗತಿಯು ದೂರದೇಶದ್ದು, ಆದರೆ ಹಾಸ್ಟೆಲಿನಲ್ಲಿದ್ದ ಮಕ್ಕಳ ಸಂಗತಿಯಾದದರಿಂದ ನಮ್ಮ ಮನೆಗಳಿಗೆ ಹತ್ತಿರವಾದದ್ದೇ.

1. ನಡೆದ ಸಂಗತಿ

ಅಮೆರಿಕಾದ ಟೆನೆಸೀ ಪ್ರಾಂತ್ಯದಲ್ಲಿ ಜ್ಯಾಕ್ಸನ್ ಎಂಬ ಪಟ್ಟಣವಿದೆ. ಅಲ್ಲಿ ಯೂನಿಯನ್ ವಿಶ್ವವಿದ್ಯಾಲಯವೆಂಬ ಬ್ಯಾಪ್ಟಿಸ್ಟ್ ಸಭೆಯವರ ವಿದ್ಯಾಸಂಸ್ಥೆಯುಂಟು. ಅದರ ಮೂಲವು 1823ನೆಯ ವರುಷದಷ್ಟು ಹಳೆಯದು. 2008ನೆಯ ಇಸವಿ ಫೆಬ್ರವರಿ 5ನೆಯ ತಾರೀಖು ಮಂಗಳವಾರ ರಾತ್ರಿ ಸುಮಾರು 7 ಗಂಟೆಗೆ ಮಹಾ ಸುಂಟರಗಾಳಿಯೊಂದು ಆ ಆವರಣದ ಮೇಲೆಯೇ ಹಾದುಹೋಯಿತು.

ನಮ್ಮ ಹೊಲಗಳಲ್ಲಿ ಬೇಸಿಗೆಯ ಮಧ್ಯಾಹ್ನ ತರಗೆಲೆಗಳನ್ನು ಎತ್ತಿ ಆಡಿಸುವ ಸುಳಿಗಾಳಿಯನ್ನು ನೋಡಿದವರು ಇದನ್ನೂ ಅದರಂತೆಯೇ ಎಂದು ನೆನಸಬಾರದು. ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬರುವ ಬಿಸಿಯಾದ ತೇವದ ಗಾಳಿಯು ತಣ್ಣಗಿನ ಒಣಗಾಳಿಯನ್ನು ಸಂಧಿಸುವಾಗ ಬೆಟ್ಟದಂಥ ಗುಡುಗುಮೋಡಗಳು ಏಳುತ್ತವೆ. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿಯೂ ದಿಕ್ಕಿನಲ್ಲಿಯೂ ಬಹಳ ಭೇದವಿದ್ದರೆ ಮೋಡವೇ ತಿರುಗಲಾರಂಭಿಸಿ, ಆನೆಯ ಸೊಂಡಿಲಿನ ಹಾಗೆ ನೆಲಕ್ಕೆ ಇಳಿಯುವದುಂಟು. ಅಂಥ ಗಾಳಿಗಳ ಬಲವನ್ನು ಆ ದೇಶದವರು ಸೊನ್ನೆಯಿಂದ ಐದರ ವರೆಗೆ ಎಣಿಸುತ್ತಾರೆ. ಜ್ಯಾಕ್ಸನಿಗೆ ಬಂದದ್ದು ನಾಲ್ಕನೆಯ ತರದ್ದು. ಅಂದರೆ ಗಂಟೆಗೆ 267 ಕಿಲೋಮೀಟರಿಗೆ ಕಡಿಮೆಯಿಲ್ಲದ ವೇಗದ್ದು.

ಅದೇ ವಿದ್ಯಾಸಂಸ್ಥೆಗೆ 2002ನೆಯ ಇಸವಿಯ ನವೆಂಬರಿನಲ್ಲಿಯೂ ಸುಂಟರಗಾಳಿಯು ಬಡಿದಿತ್ತು. ಆದಕಾರಣ ಅಪಾಯದ ಕೂಗು ಕೇಳಿದರೆ ಎಲ್ಲಿ ಸೇರಬೇಕೆಂಬದು ಅಲ್ಲಿಯವರಿಗೆ ಹೊಸ ಮಾತಾಗಿರಲಿಲ್ಲ. 2008ರ ಆ ರಾತ್ರಿ ವಿದ್ಯಾರ್ಥಿಗಳು ಮಹಡಿಗಳಿಂದ ಇಳಿದು, ಕಿಟಕಿಗಳನ್ನು ಬಿಟ್ಟು, ನೆಲದಂತಸ್ತಿನ ಒಳಕೋಣೆಗಳಲ್ಲಿಯೂ ಸ್ನಾನದ ಕೋಣೆಗಳಲ್ಲಿಯೂ ಕೂಡಿಕೊಂಡರು. ಸ್ವಲ್ಪ ಹೊತ್ತಿನೊಳಗೆ ವಿದ್ಯಾರ್ಥಿನಿಲಯಗಳ ಬಹುಭಾಗವು ಹಾಳಾಯಿತು. ಕೆಲವರು ಕುಸಿದ ಗೋಡೆಗಳ ಕೆಳಗೆ ಕತ್ತಲೆಯಲ್ಲಿ ಎಷ್ಟೋ ತಾಸು ಸಿಕ್ಕಿಕೊಂಡಿದ್ದರು. ರಕ್ಷಣೆಯ ಕೆಲಸದವರು ಆ ಅವಶೇಷವನ್ನು ಎಚ್ಚರಿಕೆಯಿಂದ ಸರಿಸಿ ಒಬ್ಬೊಬ್ಬರನ್ನೇ ಹೊರಗೆ ತಂದರು. 51 ಮಂದಿ ಆಸ್ಪತ್ರೆಗೆ ಹೋಗಬೇಕಾಯಿತು. ಅವರಲ್ಲಿ ಕೆಲವರಿಗೆ ಬಲವಾದ ಗಾಯಗಳಾಗಿದ್ದವು. ಆದರೆ ಆ ಆವರಣದಲ್ಲಿ ಒಬ್ಬರಾದರೂ ಸಾಯಲಿಲ್ಲ.

ನಷ್ಟವು ಸುಮಾರು 4 ಕೋಟಿ ಡಾಲರು. ಆದಾಗ್ಯೂ ಅಧ್ಯಕ್ಷರಾದ ಡೇವಿಡ್ ಡಾಕರಿಯವರ ಮುಂದಾಳುತನದಲ್ಲಿ ಅದೇ ಫೆಬ್ರವರಿ 20ನೆಯ ತಾರೀಖಿನಲ್ಲಿ ಪಾಠಗಳು ಪುನಃ ಪ್ರಾರಂಭವಾದವು. ನೆಲೆ ಕಳಕೊಂಡ ವಿದ್ಯಾರ್ಥಿಗಳನ್ನು ಊರಿನ ಕುಟುಂಬದವರು ತಮ್ಮ ಮನೆಗಳಲ್ಲಿ ಇಳಿಸಿಕೊಂಡರು. ಅಲ್ಲಿಯವರು ಇದಕ್ಕೆಲ್ಲಾ ದೇವರನ್ನು ಸ್ತುತಿಸಿದರು. ಸ್ತುತಿಸಿದ್ದು ಯುಕ್ತವೇ.

ಆದರೆ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧವನ್ನು ಮಾತ್ರ ಹೇಳಿದಂತಾಯಿತು. ಆ ಸಾಯಂಕಾಲದಿಂದ ಮರುದಿನದ ಬೆಳಗಿನೊಳಗೆ ಅಂಥ ಗಾಳಿಗಳು ಆ ಸೀಮೆಯಲ್ಲಿ ಅನೇಕವಾಗಿ ಎದ್ದು, ನಾಲ್ಕು ಪ್ರಾಂತ್ಯಗಳಲ್ಲಿ 57 ಜನರನ್ನು ಕೊಂದವು. ಅದು ಸಭೆಗಳು ತುಂಬಿರುವ ಸೀಮೆ. ಸತ್ತವರಲ್ಲಿಯೂ ಪ್ರಾರ್ಥಿಸುವವರು ಇದ್ದಿರಬೇಕು. ಅವರ ತಾಯಂದಿರೂ ಮೊಣಕಾಲೂರಿದ್ದಿರಬೇಕು.

2. ಉಳಿದದ್ದು ಪುಣ್ಯದ ಕೂಲಿಯಲ್ಲ

ಭಕ್ತಿಯುಳ್ಳವರಾದದರಿಂದ ದೇವರು ಅವರನ್ನು ಉಳಿಸಿದನು ಎಂದು ಹೇಳುವದು ನಮ್ಮ ಬಾಯಿಗೆ ಸುಲಭವಾಗಿ ಬರುತ್ತದೆ. ಈ ಮಾತಿನ ಮತ್ತೊಂದು ಮುಖವನ್ನು ನೋಡಿರಿ. ಉಳಿದವರು ಭಕ್ತಿಯಿಂದ ಉಳಿದದ್ದಾದರೆ, ಸತ್ತವರು ಭಕ್ತಿಯಿಲ್ಲದೆ ಸತ್ತರೆಂದು ಹೇಳಿದಂತಾಗುವದಲ್ಲವೇ? ಸಭೆಯಲ್ಲಿ ಒಬ್ಬನು ಎದ್ದು, ಹೊಳೆಯ ಪ್ರವಾಹದಲ್ಲಿ ತನ್ನ ಮನೆಯು ಉಳಿದ ಸಾಕ್ಷಿಯನ್ನು ಹೀಗೆ ಹೇಳುವಾಗ, ಅದೇ ಪ್ರವಾಹದಲ್ಲಿ ಮಗನನ್ನು ಕಳಕೊಂಡ ವಿಧವೆಯು ಹಿಂದಿನ ಚಾಪೆಯ ಮೇಲೆ ಕೂತಿರುತ್ತಾಳೆ. ಆ ಸಾಕ್ಷಿಯು ಅವಳಿಗೆ ಎರಡನೆಯ ಪ್ರವಾಹ.

ನಮ್ಮ ಕರ್ತನು ಈ ಬಾಗಲನ್ನು ಮುಚ್ಚಿಬಿಟ್ಟಿದ್ದಾನೆ. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತ ಸಂಗತಿಯನ್ನು ಆತನೇ ಎತ್ತಿ, ಅವರು ಯೆರೂಸಲೇಮಿನ ಮಿಕ್ಕ ಜನರಿಗಿಂತ ಹೆಚ್ಚಾದ ಪಾಪಿಗಳೆಂದು ಯಾರೂ ಎಣಿಸಬಾರದೆಂದು ಬೋಧಿಸಿದನು. ಕೇಳುತ್ತಿದ್ದವರನ್ನೇ ಮಾನಸಾಂತರಕ್ಕೆ ಕರೆದನು. ಯೋಬನ ಮಕ್ಕಳ ಸಂಗತಿಯನ್ನೂ ಜ್ಞಾಪಿಸಿಕೊಳ್ಳಿರಿ. ಅರಣ್ಯದ ಕಡೆಯಿಂದ ಬಂದ ಬಿರುಗಾಳಿಯು ಮನೆಯ ನಾಲ್ಕು ಮೂಲೆಗಳಿಗೂ ಬಡಿದು, ಆ ಯೌವನಸ್ಥರೆಲ್ಲರೂ ಅದರ ಕೆಳಗೆ ಸತ್ತರು. ಅವರ ಔತಣದ ದಿನಗಳು ತೀರಿದಾಗಲೆಲ್ಲಾ ತಂದೆಯು ಅವರಿಗಾಗಿ ಹೋಮ ಅರ್ಪಿಸುತ್ತಿದ್ದನೆಂದು ಅದೇ ಅಧ್ಯಾಯವು ತಿಳಿಸುತ್ತದೆ. ಜ್ಯಾಕ್ಸನಿನಲ್ಲಿ ಗೋಡೆ ಬಿದ್ದು ಮಕ್ಕಳು ಉಳಿದರು; ಯೋಬನ ಊರಿನಲ್ಲಿ ಗೋಡೆ ಬಿದ್ದು ಮಕ್ಕಳು ಸತ್ತರು. ಯೋಬನ ದೇವರೂ ಜ್ಯಾಕ್ಸನಿನವರ ದೇವರೂ ಒಬ್ಬನೇ. ಚಾವಣಿಯು ನಿಂತರೆ ಮಾತ್ರ ನಿಲ್ಲುವ ನಂಬಿಕೆಯು ಚಾವಣಿಯನ್ನು ನಂಬಿದ್ದೇ ಹೊರತು ದೇವರನ್ನು ನಂಬಿದ್ದಲ್ಲ.

3. ಎಚ್ಚರಿಕೆಯು ಅಪನಂಬಿಕೆಯಲ್ಲ

ಹಾಗಾದರೆ ಎಲ್ಲಾ ದೇವರ ಚಿತ್ತವೆಂದು ಕೈಕಟ್ಟಿ ಕೂತಿರಬೇಕೋ? ಪೌಲನು ಹತ್ತಿದ ಹಡಗನ್ನು ನೋಡಿರಿ. ಅದರಲ್ಲಿ 276 ಜನರಿದ್ದರು. ಯಾರ ಪ್ರಾಣಕ್ಕೂ ನಷ್ಟವಾಗದೆಂದು ದೇವದೂತನು ಪೌಲನಿಗೆ ವಾಗ್ದಾನ ಮಾಡಿದ್ದನು. ಆದರೂ ನಾವಿಕರು ದೋಣಿಯನ್ನು ಇಳಿಸಿ ತಪ್ಪಿಸಿಕೊಳ್ಳಬೇಕೆಂದಿದ್ದಾಗ ಪೌಲನು ಸುಮ್ಮನಿರದೆ ಶತಾಧಿಪತಿಯನ್ನು ಎಚ್ಚರಿಸಿದನು. ಹಸಿದಿದ್ದವರಿಗೆ ಊಟಮಾಡುವಂತೆ ಹೇಳಿದನು. ಕಡೆಗೆ ಈಜಬಲ್ಲವರು ಈಜಿದರು, ಮಿಕ್ಕವರು ಹಲಿಗೆಗಳನ್ನು ಹಿಡಿದು ದಡ ಸೇರಿದರು. ದೇವದೂತನ ವಾಗ್ದಾನವು ಹಲಿಗೆಯ ತುಂಡುಗಳ ಮೂಲಕವಾಗಿ ನೆರವೇರಿತು.

ಜ್ಯಾಕ್ಸನಿನಲ್ಲಿಯೂ ಅಪಾಯದ ಕೂಗನ್ನು ಕೇಳಿ ಕೆಳಗಿಳಿದದ್ದು ಮಕ್ಕಳಿಗೆ ಹಲಿಗೆಯಾಯಿತು. ನಮ್ಮ ಊರುಗಳಲ್ಲಿಯೂ ಇಂಥ ಹಲಿಗೆಗಳುಂಟು. ಗುಡುಗು ಕೇಳಿದ ಕೂಡಲೆ ಹೊಲದಿಂದ ಮನೆಯೊಳಗೆ ಬರುವದು. ಒಂಟಿಮರದ ಕೆಳಗೆ ನಿಲ್ಲದಿರುವದು. ಸೇತುವೆಯ ಮೇಲೆ ನೀರು ಹರಿಯುವಾಗ ದಾಟದಿರುವದು. ಗುಡ್ಡದಲ್ಲಿ ಹೊಸ ಬಿರುಕು ಕಂಡರೆ, ಮರಗಳು ವಾಲಿದರೆ, ತಿಳಿಯಾಗಿದ್ದ ಒರತೆಯಲ್ಲಿ ಒಮ್ಮೆಲೆ ಕೆಸರು ಬಂದರೆ ಆ ರಾತ್ರಿಯನ್ನು ಅಲ್ಲಿ ಕಳೆಯದೆ ಹೊರಟುಬಿಡುವದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಕೊಡುವ ಮಳೆಯ ಮತ್ತು ಸಿಡಿಲಿನ ಮುನ್ಸೂಚನೆಯನ್ನು ಕೇಳಿ ನೆರೆಯವರಿಗೂ ತಿಳಿಸುವದು ಪ್ರೀತಿಯ ಕೆಲಸವಾಗಿದೆ. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಪ್ರಾರ್ಥನೆಯ ಸಂಗಡ ಇದನ್ನೂ ಕಲಿಸಿರಿ: ಹೊರಗೆ ಹೋಗುವ ದಾರಿಗಳೆಷ್ಟು, ಅಪಾಯದಲ್ಲಿ ಕೂಡತಕ್ಕ ಸ್ಥಳ ಯಾವದು ಎಂದು ಮೊದಲನೆಯ ವಾರದಲ್ಲಿಯೇ ವಿಚಾರಿಸಿಕೊಳ್ಳಲಿ.

4. ಉಳಿದವರ ಭಯ

ಅಪಾಯವು ದಾಟಿದ ಮೇಲೂ ಭಯವು ದಾಟಿರುವದಿಲ್ಲ. ಬದುಕಿ ಬಂದವರಲ್ಲಿ ಅನೇಕರು ಗಾಳಿ ಬೀಸಿದಾಗಲೆಲ್ಲಾ ನಡುಗುತ್ತಾರೆ, ನಿದ್ದೆಯಲ್ಲಿ ಕೂಗುತ್ತಾರೆ, ಜೊತೆಯವನು ಸತ್ತು ತಾನು ಯಾಕೆ ಉಳಿದೆನೆಂದು ಕೊರಗುತ್ತಾರೆ. ಅಂಥವರನ್ನು ನಂಬಿಕೆ ಸಾಲದವರೆಂದು ಗದರಿಸುವದು ಕ್ರೂರತನ. ಸಾಯಬೇಕೆಂದು ಜಾಲಿಯ ಗಿಡದ ಕೆಳಗೆ ಮಲಗಿದ್ದ ಎಲೀಯನ ಬಳಿಗೆ ದೇವದೂತನು ಬಂದಾಗ ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಪುನಃ ನಿದ್ದೆಮಾಡಗೊಟ್ಟನು, ಎರಡನೆಯ ಸಾರಿ ಎಬ್ಬಿಸಿ ಮತ್ತೆ ಊಟಕ್ಕೆ ಕರೆದನು. ಮಾತು ಬಂದದ್ದು ಆಮೇಲೆ. ಆ ಮಾತೂ ಬಂಡೆ ಸೀಳುವ ಗಾಳಿಯಲ್ಲಿರದೆ ಮೆಲ್ಲನೆಯ ಸ್ವರದಲ್ಲಿತ್ತು (1 ಅರಸುಗಳು 19). ನಾವೂ ಇದೇ ಕ್ರಮವನ್ನು ಹಿಡಿಯೋಣ: ಅನ್ನ, ನಿದ್ದೆ, ಅವರ ಮಾತನ್ನು ಕೇಳುವ ಕಿವಿ, ಆಮೇಲೆ ವಾಕ್ಯ. ನಡುಕವು ಬಹುಕಾಲ ಬಿಡದಿದ್ದರೆ ವೈದ್ಯರ ಬಳಿಗೆ ಕರಕೊಂಡು ಹೋಗುವದಕ್ಕೆ ನಾಚಿಕೊಳ್ಳಬಾರದು.

5. ಉಳಿದವರ ಕೆಲಸ

ಹಡಗು ಒಡೆದು ಮೆಲೀತೆ ದ್ವೀಪದ ದಡ ಹತ್ತಿದ ಪೌಲನು ಮಾಡಿದ್ದೇನು? ಚಳಿಯಲ್ಲಿ ನೆನೆದವರೆಲ್ಲರಿಗಾಗಿ ಹಚ್ಚಿದ ಬೆಂಕಿಗೆ ಪುಳ್ಳೆಗಳನ್ನು ಕೂಡಿಸಿ ತಂದನು. ಆ ಹೊರೆಯಿಂದ ಹಾವು ಹೊರಟು ಅವನ ಕೈಗೆ ಸುತ್ತಿಕೊಂಡಾಗ ದ್ವೀಪದವರು ಅವನನ್ನು ಕೊಲೆಪಾತಕನೆಂದರು. ಅವನಿಗೆ ಏನೂ ಆಗದಿರುವದನ್ನು ಕಂಡು ದೇವರೆಂದರು. ಎರಡು ತೀರ್ಪೂ ಸುಳ್ಳು. ಪೌಲನು ಕರ್ತನ ಸೇವಕನು ಮಾತ್ರ. ಪುಳ್ಳೆ ಕೂಡಿಸುವದು ಅವನ ಕೈಗೆ ಸಿಕ್ಕಿದ ಸೇವೆ.

ನಮ್ಮ ನಾಡಿನಲ್ಲಿಯೂ ಇದನ್ನು ಕಂಡಿದ್ದೇವೆ. 2018ನೆಯ ಇಸವಿಯ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಮೊಣ್ಣಂಗೇರಿ ಮೊದಲಾದ ಸ್ಥಳಗಳಲ್ಲಿ ಗುಡ್ಡಗಳು ಜಾರಿ ಮನೆಗಳನ್ನೂ ಕಾಫಿತೋಟಗಳನ್ನೂ ಎಳಕೊಂಡು ಹೋದವು. ಸಾವಿರಾರು ಜನರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದರು. ಆಗ ಅಕ್ಕಿ ಹೊತ್ತು ತಂದವರೂ ಒಲೆ ಉರಿಸಿದವರೂ ಎಲ್ಲಾ ಮತದವರಾಗಿದ್ದರು. ಉಣ್ಣುವವನ ಜಾತಿಯನ್ನು ಹಸಿವು ಕೇಳುವದಿಲ್ಲ. ಬಿರುಗಾಳಿಯಿಂದ ಉಳಿದ ಕ್ರೈಸ್ತನಿಗೆ ಇದಕ್ಕಿಂತ ಒಳ್ಳೇ ಸಾಕ್ಷಿಯಿಲ್ಲ. ತಾನು ಯಾಕೆ ಉಳಿದೆನೆಂಬ ಪ್ರಶ್ನೆಗೆ ಅವನಿಗೆ ಈ ಲೋಕದಲ್ಲಿ ಪೂರಾ ಉತ್ತರವು ಸಿಕ್ಕಲಾರದು. ಯಾರಿಗೋಸ್ಕರ ಉಳಿದೆನೆಂಬದಕ್ಕೆ ಉತ್ತರವು ಪಕ್ಕದಲ್ಲಿಯೇ ಚಳಿಯಲ್ಲಿ ನಡುಗುತ್ತಾ ಕೂತಿರುತ್ತದೆ.

ಮರಣವಾಗಲಿ ಜೀವವಾಗಲಿ ನಮ್ಮನ್ನು ಕ್ರಿಸ್ತನಲ್ಲಿರುವ ದೇವರ ಪ್ರೀತಿಯಿಂದ ಅಗಲಿಸಲಾರದೆಂದು ಅದೇ ಪೌಲನು ರೋಮಾಪುರದವರಿಗೆ ಬೋಧಿಸಿದ್ದಾನೆ. ಮೊಣಕಾಲೂರುವ ತಾಯಿಗೆ ಕೊಡಲ್ಪಟ್ಟ ವಾಗ್ದಾನವು ಇದೇ. ಮಗುವಿನ ಮೇಲೆ ಚಾವಣಿಯು ಬೀಳಬಹುದು. ಬಿದ್ದ ಚಾವಣಿಯ ಕೆಳಗೂ ಕರ್ತನು ಆ ಮಗುವನ್ನು ಬಿಡುವವನಲ್ಲ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಸಿಲೋವದ ಬುರುಜಿನ ಸಂಗತಿಯಿಂದ ಕರ್ತನು ಯಾವ ತೀರ್ಪನ್ನು ನಿಷೇಧಿಸಿದನು? ನಮ್ಮ ಊರಿನಲ್ಲಿ ಅಂಥ ತೀರ್ಪಿನಿಂದ ನೊಂದವರು ಯಾರಿದ್ದಾರೆ?

2. ವಾಗ್ದಾನವಿದ್ದರೂ ಪೌಲನು ಯಾಕೆ ಎಚ್ಚರಿಸಿದನು? ಈ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯಲ್ಲಿ ಮಾಡತಕ್ಕ ಎರಡು ಸಿದ್ಧತೆಗಳನ್ನು ಹೇಳಿರಿ.

3. ಎಲೀಯನಿಗೆ ಮೊದಲು ಕೊಡಲ್ಪಟ್ಟದ್ದು ಏನು?

4. ಈ ವಾರ ನಾವು ಯಾರ ಬೆಂಕಿಗೆ ಪುಳ್ಳೆ ಕೂಡಿಸೋಣ?